ಟಿಕ್ಲಿಯ ಎತ್ತರಕ್ಕೆ ಒಂದು ಕಿಟಕಿ

ನನ್ನ ಗಂಡ ನಲವತ್ತು ವರ್ಷ ನಿಂತೇ ಕಳೆದರು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮದೊಂದು ಸಣ್ಣ ವೆಜ್ ಹೋಟೆಲ್ ಇತ್ತು. ಬೆಳಿಗ್ಗೆ ಐದಕ್ಕೆ ದೋಸೆ ಕಲ್ಲಿನ ಮುಂದೆ ನಿಂತರೆ ಹತ್ತಕ್ಕೆ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಹಿಂದೆ, ಸಂಜೆ ಪುನಃ ಕಲ್ಲಿನ ಮುಂದೆ. ಗಲ್ಲೆಯ ಹಿಂದೆ ಸ್ಟೂಲ್ ಇರಲಿಲ್ಲ ಅಂತ ಅಲ್ಲ. ಇತ್ತು. ಅದರ ಮೇಲೆ ಬಾಳೆ ಎಲೆಯ ಕಟ್ಟು ಕೂತುಕೊಳ್ಳುತ್ತಿತ್ತು. ಹೋಟೆಲಿನವರ ಕಾಲು ನೋಡಿದವರಿಗೆ ಗೊತ್ತು, ಮೊಣಕಾಲಿನಿಂದ ಕೆಳಗೆ ನೀಲಿ ನರಗಳು ಚಪ್ಪರಕ್ಕೆ ಹಬ್ಬಿದ ಬಸಳೆಯ ಹಾಗೆ ಗಂಟು ಗಂಟಾಗಿ ಸುತ್ತಿಕೊಂಡಿರುತ್ತವೆ. ಇವರದ್ದೂ ಹಾಗೇ ಇತ್ತು. ನಾವು ಅದನ್ನು ಕಾಯಿಲೆ ಅಂತ ತಿಳಿದಿರಲಿಲ್ಲ. ಅದು ಕಸುಬಿನ ಗುರುತು ಅಂತ ತಿಳಿದಿದ್ದೆವು.

ಕಟ್ಟಡ ಹಳೆಯದಾಯಿತೆಂದು ಕೆಡವಿದರು, ಹೋಟೆಲ್ ಮುಚ್ಚಿತು. ಮುಚ್ಚಿ ಆರು ತಿಂಗಳಾಗುವಾಗ ಇವರ ಎಡಗಾಲಿನ ಹರಡಿನ ಒಳಬದಿಯಲ್ಲಿ ಒಂದು ಹುಣ್ಣು ಬಾಯಿ ಬಿಟ್ಟಿತು. ನೆಲ್ಲಿಕಾಯಿಯಷ್ಟು ಅಗಲ. ಲೋಕಲ್ ಟ್ರೇನಿಗೆ ಇನ್ನೂ ಕೂಪನ್ ಪಂಚ್ ಮಾಡುತ್ತಿದ್ದ ಕಾಲ ಅದು. ಕೂಪನ್ ಪಂಚ್ ಮಾಡಿ ಮಾಡಿ ಠಾಣೆ ಶಹರದ ಡಾಕ್ಟರ ಹತ್ತಿರ ಒಂದು ವರ್ಷ ಓಡಾಡಿದೆವು. ಅವರು ಪಾಪ ಪ್ರತಿ ಸಲ ಒಂದೇ ಮಾತು ಹೇಳಿದರು. ಔಷಧಿ ಕಾಲು ಭಾಗ, ಮಲಗುವುದು ಮುಕ್ಕಾಲು ಭಾಗ. ದಿನಕ್ಕೆ ನಾಲ್ಕು ಗಂಟೆ ಕಾಲನ್ನು ಎದೆಗಿಂತ ಎತ್ತರ ಇಟ್ಟು ಮಲಗಬೇಕು. ಆ ಸಂಕ್ರಾಂತಿ ಕಳೆದು ಹೋದಾಗ ಮಾತ್ರ ಇನ್ನೊಂದು ಮಾತು ಸೇರಿಸಿದರು. ಮಳೆಗಾಲ ಶುರುವಾಗುವುದರೊಳಗೆ ಹುಣ್ಣು ಮುಚ್ಚದಿದ್ದರೆ ತೊಡೆಯ ಚರ್ಮ ತೆಗೆದು ಅಲ್ಲಿ ಹಚ್ಚಬೇಕು. ಸಕ್ಕರೆ ಕಾಯಿಲೆ ಬೇರೆ ಇದೆ, ಹಚ್ಚಿದ ಚರ್ಮ ಹಿಡಿಯುತ್ತದೆ ಅಂತ ಭರವಸೆ ಇಲ್ಲ. ಹಿಡಿಯದಿದ್ದರೆ ಆಮೇಲೆ ಕಾಲಿನ ಮಾತೇ ಬರುತ್ತದೆ.

ಇವರು ಮಲಗಲಿಲ್ಲ. ಮನೆಯಲ್ಲಿ ಮಲಗಿಸಿ ಕಾಲಿನ ಕೆಳಗೆ ಮೂರು ದಿಂಬು ಇಟ್ಟು ನಾನು ಒಳಗೆ ಹೋದರೆ ಐದು ನಿಮಿಷಕ್ಕೆ ಎದ್ದು ಬಂದಾಯಿತು. ಮಲಗಿದರೆ ಫ್ಯಾನು ಕಾಣುತ್ತದಂತೆ, ಫ್ಯಾನಿನ ಧೂಳು ಕಾಣುತ್ತದಂತೆ, ಅದನ್ನು ಒರೆಸಬೇಕಂತೆ. ನಾನು ಬೈದೆ. ಅತ್ತು ಕರೆದು ಮಾಡುವುದು ನನಗೆ ಬರುವುದಿಲ್ಲ, ಬೈಯುವುದು ಬರುತ್ತದೆ. ಅದರಿಂದಲೂ ಪ್ರಯೋಜನ ಆಗಲಿಲ್ಲ.

ಆಗ ಮಗನಿಗೆ ಒಂದು ಉಪಾಯ ಹೊಳೆಯಿತು. ಅವನು ಅಂಬರನಾಥದ ಕಾರ್ಖಾನೆಗಳ ಮಧ್ಯೆ ಒಂದು ಕ್ಯಾಂಟೀನ್ ನಡೆಸುತ್ತಿದ್ದ. ತುರ್ಭೆಯಲ್ಲಿ ಕೆಲಸಗಾರರನ್ನು ಸಾಗಿಸುತ್ತಿದ್ದ ಒಂದು ಹಳೆ ಮಿನಿ ಬಸ್ಸು ಮಾರಾಟಕ್ಕೆ ಬಂತು. ತಂದ. ಇದನ್ನು ಕ್ಯಾಂಪರ್ ವ್ಯಾನ್ ಮಾಡುತ್ತೇನೆ ಅಂದ. ಹಾಗೆಂದರೆ ಎಂತ ಅಂತ ಕೇಳಿದೆ. ಒಳಗೆ ಮಂಚ, ಒಲೆ, ನೀರಿನ ಟಾಕಿ ಎಲ್ಲ ಇರುವ ಗಾಡಿಯಂತೆ. ಅಪ್ಪ ಮನೆಯಲ್ಲಿ ಮಲಗುವುದಿಲ್ಲ, ಓಡುವ ಗಾಡಿಯಲ್ಲಿ ಮಲಗಿಸಿದರೆ ಎದ್ದು ಎಲ್ಲಿಗೆ ಹೋಗುತ್ತಾರೆ ಅಂತ ಅವನ ಲೆಕ್ಕ. ಭಾನುವಾರ ಭಾನುವಾರ ಸುತ್ತಿಸುವುದು, ಬೇಸಿಗೆಯಲ್ಲಿ ನಿಧಾನಕ್ಕೆ ಊರಿಗೂ ಹೋಗಿ ಬರುವುದು.

ಉಪಾಯ ಒಳ್ಳೆಯದೇ. ಆದರೆ ಅಪ್ಪ ಮಗ ಇಬ್ಬರೂ ಕೂತು ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಮಾಡಿದರು, ನನ್ನನ್ನು ಕೇಳಲಿಲ್ಲ. ವಿಠ್ಠಲವಾಡಿಯಲ್ಲಿ ಗಾಡಿಯ ತಗಡಿನ ಕೆಲಸ ಮಾಡುವ ಒಬ್ಬ ಮಿಸ್ತ್ರಿಯ ಹತ್ತಿರ ಬಿಟ್ಟು ಕೆಲಸ ಮುಗಿಸಿಯೇ ತಂದರು. ಹತ್ತಿ ನೋಡಿದೆ. ನಡುವಿನಲ್ಲಿ ಒಲೆ. ಒಲೆಯ ಎದುರು ಎಡಗಡೆಗೆ ಎರಡು ಕಿಟಕಿ ಸೇರಿಸಿ ಕತ್ತರಿಸಿದ ದೊಡ್ಡ ಬಾಯಿ, ಅದಕ್ಕೆ ಕೆಳಗೆ ಮಡಚುವ ಸ್ಟೀಲಿನ ಹಲಗೆ. ಹಿಂದೆ ಬಲಗಡೆಗೆ ಉದ್ದಕ್ಕೆ ಮಂಚ. ಮಂಚದ ಬದಿಯ ಕಿಟಕಿಗಳನ್ನೆಲ್ಲ ತೆಗೆದು ತಗಡು ಹೊಡೆದಿದ್ದರು, ಧೂಳು ಬರಬಾರದಂತೆ.

ನಾನು ಆಗಲೇ ಹೇಳಿದೆ, ಇದು ಹೋಟೆಲ್ ಅಂತ. ಇಬ್ಬರೂ ನಕ್ಕರು. ನಗುವುದೆಂತ, ಸತ್ಯ. ಇಬ್ಬರೂ ಹೋಟೆಲಿನಲ್ಲೇ ಬೆಳೆದವರು. ಹೋಟೆಲಿನಲ್ಲಿ ಮಲಗುವ ಜಾಗ ಎಂದರೆ ಮೇಲಿನ ಅಟ್ಟ, ಅಲ್ಲಿ ಕತ್ತಲೆ. ಕಿಟಕಿ ಎಂದರೆ ತಿಂಡಿ ಹೊರಗೆ ಹೋಗುವ ತೂತು. ಮನುಷ್ಯ ಹೊರಗೆ ನೋಡುವುದಕ್ಕೂ ಕಿಟಕಿ ಇಡುತ್ತಾರೆ ಅಂತ ಅವರ ತಲೆಗೆ ಬರಲೇ ಇಲ್ಲ.

ಮೊದಲ ಭಾನುವಾರ ನವಿ ಮುಂಬೈಗೆ ಹೋದೆವು. ಖಾರ್ಘರದ ಗುಡ್ಡದ ಬುಡದಲ್ಲಿ ಅಗಲ ರಸ್ತೆ, ಬೆಳಿಗ್ಗೆ ನಡೆಯಲಿಕ್ಕೆ ಬರುವ ಜನ. ಮರದ ಕೆಳಗೆ ನಿಲ್ಲಿಸಿದೆವು. ಇವರು ದಾರಿಯುದ್ದಕ್ಕೂ ಮಲಗಿದ್ದರು, ಅದು ಖರೆ. ಒಳಗೆ ಸೆಕೆ ಅಂತ ಮಗ ಆ ದೊಡ್ಡ ಬಾಯಿ ತೆರೆದು ಹಲಗೆ ಇಳಿಸಿದ. ನಾನು ನಮಗೆ ಮೂರು ಜನಕ್ಕೆ ಚಹಾ ಇಟ್ಟೆ. ಏಲಕ್ಕಿ ಹಾಕಿದ್ದೇ ತಪ್ಪಾಯಿತು. ಬಿಳಿ ಬೂಟು ಹಾಕಿದ ಇಬ್ಬರು ಗಂಡಸರು ಬಂದು ಹಲಗೆಯ ಮೇಲೆ ಮೊಣಕೈ ಇಟ್ಟು ಎರಡು ಕಟಿಂಗ್ ಚಹಾ ಕೊಡಿ ಅಂದರು.

ಇದು ಅಂಗಡಿ ಅಲ್ಲ ಅಂತ ಹೇಳಲಿಕ್ಕೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಇವರ ಧ್ವನಿ ಬಂತು, "ಎರಡು ನಿಮಿಷ ಸಾರ್, ಬಂತು."

ಮತ್ತೆ ಎಂತ ಹೇಳುವುದು. ಇವರು ಎದ್ದು ಬಂದು ಒಲೆಯ ಮುಂದೆ ನಿಂತರು. ಇಬ್ಬರ ಹಿಂದೆ ಆರು ಜನ, ಆರರ ಹಿಂದೆ ಸಾಲು. ಮಗನನ್ನು ಹಾಲಿಗೆ ಓಡಿಸಿದರು. ನಮ್ಮ ತಿಂಡಿಗೆ ಅಂತ ಕಲಸಿ ತಂದ ಹಿಟ್ಟು ಖಾಲಿಯಾಯಿತು, ಉಪ್ಪಿಟ್ಟಿನ ರವೆ ಖಾಲಿಯಾಯಿತು. ಎರಡೂವರೆ ಗಂಟೆ ನಿಂತರು. ಮುಖ ನೋಡಿದರೆ ಮದುಮಗನ ಹಾಗೆ ಹೊಳೆಯುತ್ತಿತ್ತು. ಕೆಳಗೆ ನೋಡಿದರೆ ಬ್ಯಾಂಡೇಜಿನ ಪಟ್ಟಿ ಒದ್ದೆಯಾಗಿ ಹಳದಿಯಾಗಿತ್ತು. ನಾನು ಮುಖ ನೋಡಲಿಲ್ಲ, ಪಟ್ಟಿ ನೋಡಿದೆ.

ಸಂಜೆ ಮನೆಯಲ್ಲಿ ಪಟ್ಟಿ ಬಿಚ್ಚುವಾಗ ಹುಣ್ಣು ಮೊದಲಿಗಿಂತ ದೊಡ್ಡದು. ತೊಳೆಯುತ್ತಾ ನಾನು ಯೋಚಿಸಿದೆ, ಈ ಮನುಷ್ಯ ಇಡೀ ಜೀವಮಾನದಲ್ಲಿ ಸುಮ್ಮನೆ ಮಲಗಿದ್ದು ಯಾವಾಗಾದರೂ ಇದೆಯಾ ಅಂತ. ಇತ್ತು. ಊರಿಗೆ ಹೋಗುವ ರೈಲಿನಲ್ಲಿ. ಯಾವಾಗಲೂ ಸೈಡ್ ಲೋವರ್ ಸೀಟೇ ಬೇಕು ಅಂತ ಹಟ ಮಾಡುತ್ತಿದ್ದರು. ಪನ್ವೇಲ್ ದಾಟಿದ ಮೇಲೆ ಅಡ್ಡ ಬಿದ್ದರೆ ಉಡುಪಿಯವರೆಗೆ ಏಳುತ್ತಿರಲಿಲ್ಲ. ಕಣ್ಣಿನ ನೇರಕ್ಕೇ ಕಿಟಕಿ. ಸುರಂಗ ಬರುತ್ತದೆ, ಹೊಳೆ ಬರುತ್ತದೆ, ಸಣ್ಣ ಸ್ಟೇಷನ್ನಿನಲ್ಲಿ ಯಾರೋ ವಡೆ ಮಾರುತ್ತಾರೆ, ಇವರು ಮಲಗಿದಲ್ಲಿಂದಲೇ ಆ ವಡೆ ಎಷ್ಟು ಎಣ್ಣೆ ಕುಡಿದಿದೆ ಅಂತ ಹೇಳುತ್ತಾರೆ. ಜನ ಕಾಣುತ್ತಿದ್ದರೆ ಇವರು ಮಲಗುತ್ತಾರೆ. ಫ್ಯಾನಿನ ಕೆಳಗೆ ಮಲಗುವುದಿಲ್ಲ. ಇಷ್ಟು ಗೊತ್ತಾಗಲಿಕ್ಕೆ ನನಗೆ ಒಂದು ವರ್ಷ ಬೇಕಾಯಿತು, ಡಾಕ್ಟರಿಗೆ ಗೊತ್ತೇ ಆಗಲಿಲ್ಲ.

ಮರುದಿನ ಮಗನಿಗೆ ಗಾಡಿ ವಿಠ್ಠಲವಾಡಿಗೆ ತೆಗೆದುಕೊಂಡು ಹೋಗು ಅಂದೆ. ನಾನು ಹಿಂದಿನಿಂದ ಟ್ರೇನಿನಲ್ಲಿ ಹೋದೆ, ಸುತ್ತಿದ ಹಾಸಿಗೆ, ಎರಡು ದಿಂಬು ಹಿಡಿದುಕೊಂಡು. ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ಜಾಗ ಬಿಟ್ಟರು. ಯಾವ ಆಸ್ಪತ್ರೆ, ಯಾರಿಗೆ ಹುಷಾರಿಲ್ಲ ಅಂತ ಕೇಳಿದರು. ಗ್ಯಾರೇಜಿಗೆ ಅಂದೆ.

ಮಿಸ್ತ್ರಿ ಐವತ್ತರ ಆಸುಪಾಸಿನವ, ಮಾತು ಕಡಿಮೆ, ನನ್ನನ್ನು ಆಜಿ ಅಂತ ಕರೆದ. ಆ ದೊಡ್ಡ ಬಾಯಿ ಮುಚ್ಚು, ಮಂಚದ ಹತ್ತಿರ ಕಿಟಕಿ ಇಡು ಅಂದೆ. ಮೊದಲಿನ ಕಿಟಕಿಯ ಜಾಗ ಇದೆಯಲ್ಲ, ತಗಡು ತೆಗೆದರೆ ಆಯಿತು ಅಂದ. ಆಗುವುದಿಲ್ಲ. ಬಸ್ಸಿನ ಕಿಟಕಿ ಕೂತವರ ಹೆಗಲಿಗೆ ಇರುವುದು. ಮಲಗಿದವರಿಗೆ ಅದರಲ್ಲಿ ಕಾಣುವುದು ಬರೀ ಆಕಾಶ ಮತ್ತು ಲೈಟಿನ ಕಂಬ. ನಾನು ಹಾಸಿಗೆ ಬಿಡಿಸಿ, ಮಂಚದ ಮೇಲೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಮಲಗಿಯೇ ತೋರಿಸಿದೆ. ಹಣೆಯ ಟಿಕ್ಲಿ ತೆಗೆದು, ಕಣ್ಣಿನ ನೇರಕ್ಕೆ ಗೋಡೆಯ ತಗಡಿಗೆ ಅಂಟಿಸಿದೆ. ಇದು ನಡು, ಇಲ್ಲಿಂದ ಕೆಳಗೆ ಒಂದು ಗೇಣು, ಮೇಲೆ ಒಂದು ಗೇಣು, ಅಷ್ಟು ಕಿಟಕಿ ಬೇಕು ಅಂದೆ.

ಮಿಸ್ತ್ರಿ ಬಗ್ಗಿ ಟಿಕ್ಲಿ ನೋಡಿದ. ಬೆರಳು ಮಡಚಿ ತಗಡಿಗೆ ಕುಟ್ಟುತ್ತಾ ಹೋದ, ತೆಂಗಿನಕಾಯಿ ಆರಿಸುವಾಗ ನಾವು ಕುಟ್ಟುವ ಹಾಗೆ. ಆಮೇಲೆ ಆಗುವುದಿಲ್ಲ ಅಂದ. ಕಿಟಕಿಗಳ ಕೆಳಗೆ ಬಸ್ಸಿನ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ ಹೋಗುತ್ತದಂತೆ. ಅದು ಬಸ್ಸಿನ ಉಡಿದಾರ. ಅದನ್ನು ಕತ್ತರಿಸಿದರೆ ಸೊಂಟ ಸಡಿಲ, ಗುಂಡಿಗೆ ಇಳಿದರೆ ಬಾಗಿಲು ಹಾಕಲಿಕ್ಕೆ ಬರುವುದಿಲ್ಲ. ನನ್ನ ಟಿಕ್ಲಿ ಸರಿಯಾಗಿ ಆ ಪಟ್ಟಿಯ ಮೇಲೆಯೇ ಇತ್ತು.

ಹಾಗಾದರೆ ಎಲ್ಲಿ ಆಗುತ್ತದೆ ಹೇಳು ಅಂದೆ. ಅವನು ಹಿಂದಿನ ಮೂಲೆಗೆ ಹೋಗಿ ಕುಟ್ಟಿದ. ಅಲ್ಲಿ ಮೊದಲು ಎಮರ್ಜೆನ್ಸಿ ಬಾಗಿಲು ಇತ್ತಂತೆ. ಕಾರ್ಖಾನೆಯವರು ಯಾವಾಗಲೋ ಅದನ್ನು ಹಿಂದಿನ ಗೋಡೆಗೆ ಬದಲಾಯಿಸಿ ಇದನ್ನು ಮುಚ್ಚಿದ್ದರು. ಬಾಗಿಲಿಗಾಗಿ ಪಟ್ಟಿಯನ್ನು ಅಲ್ಲಿ ಮೊದಲೇ ಕತ್ತರಿಸಿ ಸುತ್ತ ದಪ್ಪ ಚೌಕಟ್ಟು ಕೊಟ್ಟಿದ್ದಾರೆ. ಕಿಟಕಿ ಎಷ್ಟು ಕೆಳಗೆ ಬೇಕಾದರೂ ಇಡಬಹುದು, ಆದರೆ ಅಲ್ಲಿ ಮಾತ್ರ. ಅದು ಮಂಚದ ಕಾಲಿನ ಕಡೆ. ತೊಂದರೆ ಇಲ್ಲ, ತಲೆ ಕಾಲು ಅದಲು ಬದಲು ಮಾಡಿದರೆ ಆಯಿತು ಅಂದೆ. ಟಿಕ್ಲಿ ಕಿತ್ತು ಅಲ್ಲಿ ಅಂಟಿಸಿ, ದಿಂಬು ಅತ್ತ ಹಾಕಿ, ಇನ್ನೊಮ್ಮೆ ಮಲಗಿ ನೋಡಿದೆ. ಸರಿ ಇತ್ತು.

ಆ ವಾರ ನಾನು ಮೂರು ಸಲ ಹೋದೆ. ನೋಡಬೇಕಾದ ಕೆಲಸವೇ. ಗಾಡಿಯ ಕೆಳಗಿನ ತಗಡು ಅಲ್ಲಲ್ಲಿ ತುಕ್ಕು ತಿಂದು ಹಪ್ಪಳದ ಹಾಗಾಗಿತ್ತು. ಬೆರಳು ಒತ್ತಿದರೆ ಒಳಗೆ. ಮೊದಲು ಅದರ ಮೇಲೆಯೇ ಬಣ್ಣ ಬಳಿದು ಕೊಟ್ಟಿದ್ದ. ಕೇಳಿದ್ದಕ್ಕೆ, ನಿಮ್ಮ ಮಗ ಬೇಗ ಬೇಕು ಅಂದರು ಅಂದ. ನಾನು ನಿಧಾನಕ್ಕೆ ಬೇಕು ಅಂದೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಹಾಕಿದ. ತೆಳು ತಗಡಿಗೆ ಉದ್ದಕ್ಕೆ ಬೆಸುಗೆ ಹಾಕಿದರೆ ಬಿಸಿಗೆ ಉಬ್ಬುತ್ತದಂತೆ. ಅದಕ್ಕೆ ಇಲ್ಲಿ ಒಂದು ಚುಕ್ಕೆ ಬೆಸುಗೆ, ಅಲ್ಲಿ ಒಂದು ಚುಕ್ಕೆ, ತಣಿಯುವವರೆಗೆ ಬೀಡಿ. ಹುಣ್ಣು ತೊಳೆಯುವಾಗ ಡಾಕ್ಟರೂ ಹಾಗೇ ಮಾಡುತ್ತಿದ್ದರು, ಕೊಳೆತದ್ದನ್ನು ತೆಗೆಯದೆ ಮೇಲೆ ಮುಚ್ಚಬಾರದು.

ಗಾಜು ಕೂರಿಸುವುದು ಇನ್ನೂ ಚೆಂದ. ಗಾಜಿನ ಸುತ್ತ ರಬ್ಬರ್ ಹಾಕಿ, ರಬ್ಬರಿನ ಸೀಳಿನೊಳಗೆ ಒಂದು ನೂಲಿನ ಹಗ್ಗ ಸುತ್ತಿಸಿ, ಹೊರಗಿನಿಂದ ಗಾಜು ಒತ್ತಿ ಹಿಡಿದು, ಒಳಗಿನಿಂದ ಹಗ್ಗ ಎಳೆಯುತ್ತಾ ಬರುವುದು. ಹಗ್ಗ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಒಳಗೆ ಕೂತುಕೊಳ್ಳುತ್ತದೆ. ಲಂಗಕ್ಕೆ ಲಾಡಿ ಹಾಕುವವರಿಗೆ ಇದು ಹೊಸತಲ್ಲ. ಮಿಸ್ತ್ರಿ ಹೊರಗೆ ಹಿಡಿದ, ನಾನು ಒಳಗೆ ಎಳೆದೆ. ಒಂದು ಮೂಲೆಯಲ್ಲಿ ಸಿಕ್ಕಿಬಿತ್ತು, ಸೋಪಿನ ನೀರು ಹಚ್ಚಿದ ಮೇಲೆ ಬಂತು. ಅದು ಚೌಕಟ್ಟಿನೊಳಗೆ ಗಾಜು ಜಾರುವ ಕಿಟಕಿ, ಮೊದಲು ಕಿತ್ತಿಟ್ಟದ್ದರಲ್ಲೇ ಒಂದು.

ಹೋಟೆಲಿನ ಬಾಯಿ ಮುಚ್ಚಲಿಕ್ಕೆ ತಗಡು ಬೇಕಲ್ಲ. ನಮ್ಮ ಮನೆಯ ಅಟ್ಟದಲ್ಲಿ ಹಳೆ ಹೋಟೆಲಿನ ತಿಂಡಿ ಪಟ್ಟಿಯ ಬೋರ್ಡು ಬಿದ್ದಿತ್ತು, ಒಳ್ಳೆ ದಪ್ಪ ತಗಡು. ಇಡ್ಲಿಯಿಂದ ಹಿಡಿದು ಮಸಾಲೆ ಹಾಲಿನವರೆಗೆ ಮರಾಠಿಯಲ್ಲಿ ಬರೆದದ್ದು. ಅದನ್ನೇ ತರಿಸಿದೆ. ಬರಹ ಹೊರಗೆ ಕಾಣುವ ಹಾಗೆ ಹಾಕಿದರೆ ಚೆಂದ ಅಂತ ಮಗ ಅಂದ. ಹಾಕು, ಹಾಕಿ ನೀನೇ ನಿಂತು ದೋಸೆ ಹೊಯ್ಯಿ ಅಂದೆ. ಬರಹ ಒಳಗೆ ಬಂತು. ಬೆಸುಗೆ ಹಾಕಿದರೆ ಬಣ್ಣ ಸುಡುತ್ತದೆ ಅಂತ ಮಿಸ್ತ್ರಿ ಸುತ್ತ ರಿವೆಟ್ ಹೊಡೆದ.

ಇಷ್ಟೆಲ್ಲ ಆಗಿ ಗಾಡಿ ನಮ್ಮ ಬಿಲ್ಡಿಂಗಿನ ಮುಂದೆ ಬಂದು ನಿಂತಿತು. ಆರ್‌ಟಿಓದಲ್ಲಿ ಪಾಸಿಂಗಿನ ಕಾಗದಕ್ಕೆ ಓಡಾಡಿದ್ದು ಮಗ, ಅದರ ಕತೆ ಅವನೇ ಹೇಳಬೇಕು. ಇವರು ಇಳಿದು ಬಂದು ಹತ್ತಿ ನೋಡಿದರು. ಕಿಟಕಿ ಸರಿಸಿದರು, ಮುಚ್ಚಿದರು. ಬೋರ್ಡಿನ ಮೇಲೆ ಕೈ ಆಡಿಸಿದರು. ಆಮೇಲೆ ಮಂಚ ನೋಡಿದರು, ದಿಂಬು ಎಲ್ಲಿದೆ ನೋಡಿದರು, ಊರಿಗೆ ಹೋಗುವಾಗ ಗಾಡಿ ಯಾವ ದಿಕ್ಕಿಗೆ ಓಡುತ್ತದೆ ಅಂತ ಬೆರಳಿನಲ್ಲಿ ಗಾಳಿಯಲ್ಲಿ ಗೀಟು ಎಳೆದರು.

"ನಾನು ಇದರಲ್ಲಿ ಮಲಗುವುದಿಲ್ಲ," ಅಂದರು. "ಊರು ದಕ್ಷಿಣಕ್ಕೆ ಇರುವುದು. ತಲೆ ಉತ್ತರಕ್ಕೆ ಬರುತ್ತದೆ."

ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಕಿಟಕಿಯ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳುವ ಹೊತ್ತಲ್ಲ ಅದು.

"ಬರುವಾಗ ದಕ್ಷಿಣಕ್ಕೆ ಬರುತ್ತದಲ್ಲ. ಅಲ್ಲಿಗಲ್ಲಿಗೆ ಸರಿಯಾಯಿತು," ಅಂದೆ.

"ಹೋಗುವಾಗಲೇ ನಾನು ಹೋಗಿಬಿಟ್ಟರೆ?"

"ಹೋಗುವುದಾದರೆ ಎರಡು ಕಾಲು ಇಟ್ಟುಕೊಂಡು ಹೋಗಿ. ಒಂದನ್ನು ಠಾಣೆಯಲ್ಲಿ ಬಿಟ್ಟು ಹೋಗಬೇಡಿ."

ಮಗ ಎಂಜಿನ್ ನೋಡುವ ನೆಪದಲ್ಲಿ ಮುಂದಕ್ಕೆ ಹೋದ. ಇವರು ಗಾಡಿಯಿಂದ ಇಳಿದು, ಕುಂಟುತ್ತಾ, ಮೆಟ್ಟಿಲು ಹತ್ತಿ ಮನೆಗೆ ಹೋದರು. ಎರಡು ದಿನ ನಮ್ಮ ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಬಡಿಸುವಾಗ ಸೊಸೆಯ ಹತ್ತಿರ ಹೇಳುವುದು, ಮಜ್ಜಿಗೆ ಬೇಕಾ ಕೇಳು ಅಂತ. ಹುಣ್ಣು ತೊಳೆಯುವುದು ಮಾತ್ರ ನಾನೇ.

ಮೂರನೇ ದಿನ ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಹಾಕುವಾಗ ಕೆಳಗೆ ನೋಡಿದೆ. ನಮ್ಮ ಗಲ್ಲಿ ತೆಂಕು ಬಡಗು ಹೋಗುತ್ತದೆ. ಗಾಡಿಯ ಮೂತಿ ದಕ್ಷಿಣಕ್ಕೆ ಇತ್ತು, ಹಿಂದಿನ ಮೂಲೆ ಉತ್ತರಕ್ಕೆ. ಇದನ್ನು ತಿರುಗಿಸಿ ನಿಲ್ಲಿಸಿದರೆ ದಿಂಬು ದಕ್ಷಿಣಕ್ಕೆ ಬರುತ್ತದೆ. ಗಾಡಿ ಓಡಲೇಬೇಕು ಅಂತ ಯಾರು ಹೇಳಿದ್ದು. ಡಾಕ್ಟರು ಮಲಗಿ ಅಂದಿದ್ದಾರೆ, ತಿರುಗಾಡಿ ಅಂದಿಲ್ಲ.

ಮಗನಿಗೆ ಫೋನ್ ಮಾಡಿದೆ. ಅವನು ಕ್ಯಾಂಟೀನ್ ಮುಗಿಸಿ ಬಂದು ಗಲ್ಲಿಯ ಕೊನೆಯವರೆಗೆ ಹೋಗಿ, ಅಲ್ಲಿ ತಿರುಗಿಸಲಿಕ್ಕೆ ಜಾಗ ಇಲ್ಲದೆ, ಉತ್ತರದ ತುದಿಯ ದೊಡ್ಡ ರಸ್ತೆಗೆ ವಾಪಸು ಹೋಗಿ ತಿರುಗಿಸಿ, ಇಡೀ ಗಲ್ಲಿ ರಿವರ್ಸ್‌ನಲ್ಲಿ ಬಂದ. ತರಕಾರಿ ಗಾಡಿಯವರು ಎಲ್ಲ ಸರಿಯಬೇಕಾಯಿತು, ಬೈದರು. ಸೊಸೈಟಿಯ ಸೆಕ್ರೆಟರಿ ಕೆಳಗಿಳಿದು ಬಂದು ಎಲ್ಲರ ಗಾಡಿ ಆ ಕಡೆಗೆ ಮುಖ ಮಾಡಿರುವಾಗ ನಿಮ್ಮದು ಮಾತ್ರ ಯಾಕೆ ಈ ಕಡೆಗೆ ಅಂತ ಕೇಳಿದರು. ನಾನು ಕಾರಣ ಹೇಳಿದೆ. ಅವರ ಮುಖ ಗಂಭೀರವಾಯಿತು. ಅವರ ಮನೆಯಲ್ಲೂ ಅವರ ತಾಯಿ ಮಂಚ ತಿರುಗಿಸಿದ್ದರಂತೆ. ಬೇಸಿಗೆ ಮುಗಿಯುವವರೆಗೆ ಇರಲಿ ಅಂದರು.

ಮೇಲೆ ಹೋಗಿ ಇವರ ಎದುರು ನಿಂತೆ.

"ತಲೆ ದಕ್ಷಿಣಕ್ಕೆ ಮಾಡಿಸಿದ್ದೇನೆ. ಇನ್ನು ಎಂತ ನೆಪ ಉಂಟು ನಿಮ್ಮ ಹತ್ತಿರ?"

ಇವರು ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದರು. ಸೂರ್ಯ ಎಲ್ಲಿದ್ದಾನೆ ನೋಡಿದರು. ಆಮೇಲೆ ಶಾಲು ಹೆಗಲಿಗೆ ಹಾಕಿ ಕೆಳಗಿಳಿದರು.

ಮರುದಿನದಿಂದ ಅದೇ ಕ್ರಮ. ಊಟ ಆದ ಮೇಲೆ ಮೂರು ಗಂಟೆಗೆ ಇಳಿಯುವುದು, ಏಳಕ್ಕೆ ಹತ್ತುವುದು. ದಕ್ಷಿಣಕ್ಕೆ ದಿಂಬು, ಉತ್ತರಕ್ಕೆ ಮೂರು ದಿಂಬಿನ ಮೇಲೆ ಕಾಲು, ಕಣ್ಣಿನ ನೇರಕ್ಕೆ ಗಲ್ಲಿ. ನಾಲ್ಕಕ್ಕೆ ಶಾಲೆ ಬಿಡುತ್ತದೆ, ಐದಕ್ಕೆ ತರಕಾರಿಯವರು, ಆರಕ್ಕೆ ಆಫೀಸಿನವರು ಸ್ಟೇಷನ್ನಿಂದ ಬರುತ್ತಾರೆ. ಮೊದಮೊದಲು ಜನ ಹೆದರಿದರು. ನಡೆಯುವಾಗ ಸೊಂಟದ ಎತ್ತರದಲ್ಲಿ ಒಂದು ಮುದಿ ತಲೆ ಕಂಡರೆ ಯಾರಿಗಾದರೂ ಹೆದರಿಕೆ. ಆಮೇಲೆ ಅಭ್ಯಾಸವಾಯಿತು. ಭೇಂಡಿ ಎಳೆಯದಾ ಬಲಿತದ್ದಾ ಅಂತ ಇವರು ಮಲಗಿದಲ್ಲಿಂದಲೇ ಹೇಳಲಿಕ್ಕೆ ಶುರು ಮಾಡಿದರು, ಕೊಳ್ಳುವ ಹೆಂಗಸರು ಕಿಟಕಿಗೆ ಹಿಡಿದು ತೋರಿಸಲಿಕ್ಕೆ ಶುರು ಮಾಡಿದರು. ಭೇಂಡಿ ಮಾರುವವಳು ಎರಡು ದಿನ ನೋಡಿ ತನ್ನ ಗಾಡಿಯನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿದಳು. ಮೊಮ್ಮಗಳು ಶಾಲೆಯಿಂದ ಬಂದು ಕಿಟಕಿಯಲ್ಲೇ ಹೋಂವರ್ಕ್ ಬಗ್ಗೆ ಹಿಂದಿಯಲ್ಲಿ ಜಗಳ ಆಡಿ ಹೋಗುತ್ತಿದ್ದಳು. ನಾನು ಐದು ಗಂಟೆಗೆ ಒಂದು ಲೋಟ ಚಹಾ ಕಿಟಕಿಯಿಂದಲೇ ಕೊಡುತ್ತಿದ್ದೆ. ಒಂದು ಲೋಟ, ಹೊರಗಿನಿಂದ ಒಳಗೆ.

ಹೋಳಿ ಕಳೆಯಿತು. ಹುಣ್ಣು ನೆಲ್ಲಿಕಾಯಿಯಿಂದ ಅಡಿಕೆಯಷ್ಟಾಯಿತು. ಯುಗಾದಿಗೆ ಕಡಲೆಕಾಳಿನಷ್ಟು. ಅಲ್ಲಿಗೆ ನಿಂತುಬಿಟ್ಟಿತು, ಮೂರು ವಾರ ಒಂದೇ ಹಾಗೆ. ಆ ಮೂರು ವಾರ ನಾನು ಇವರಿಗೆ ಏನೂ ತೋರಿಸಿಕೊಳ್ಳಲಿಲ್ಲ, ಸೊಸೆಗೆ ಮಾತ್ರ ಸುಮ್ಮಸುಮ್ಮನೆ ಬೈದೆ. ಮೇ ತಿಂಗಳಿನಲ್ಲಿ ಒಂದು ದಿನ ಪಟ್ಟಿ ಬಿಚ್ಚಿದರೆ ಪಟ್ಟಿ ಒಣಗಿತ್ತು. ಹೆಸರುಕಾಳಿನಷ್ಟು ಒಂದು ಹಕ್ಕಳೆ. ಠಾಣೆಯ ಡಾಕ್ಟರು ಕನ್ನಡಕ ಏರಿಸಿ ನೋಡಿದರು, ಹಕ್ಕಳೆ ಕೀಳಬೇಡಿ, ಬಿಗಿ ಪಟ್ಟಿ ಬಿಡಬೇಡಿ, ಚರ್ಮ ಹಚ್ಚುವ ಮಾತು ಇನ್ನಿಲ್ಲ ಅಂದರು. ಮನೆಯಲ್ಲಿ ಹೇಗೆ ಮಲಗಿಸಿದಿರಿ ಅಂತ ಕೇಳಿದರು. ಮನೆಯಲ್ಲಿ ಅಲ್ಲ, ರಸ್ತೆಯಲ್ಲಿ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು.

ಮಳೆಗೆ ಮೊದಲು ಊರಿಗೆ ಒಂದು ಸಲ ಹೋಗಿಬರುವ ಅಂತ ಹೊರಟೆವು. ಬೆಳಿಗ್ಗೆ ಇವರು ಸ್ನಾನ ಮಾಡಿ, ಬಿಗಿ ಪಟ್ಟಿ ಕಟ್ಟಿಸಿಕೊಂಡು, ನೇರ ಹೋಗಿ ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತರು. ಕಾಲು ಎತ್ತರಕ್ಕೆ ಇಡಲಿಕ್ಕೆ ಎದುರಿಗೆ ಒಂದು ಸ್ಟೂಲ್ ಇಟ್ಟುಕೊಂಡಿದ್ದರು, ಗಲ್ಲೆಯ ಹಿಂದಿನ ಅದೇ ಸ್ಟೂಲ್. ಹಿಂದೆ ಮಲಗಿ ಅಂದೆ.

"ದಕ್ಷಿಣಕ್ಕೆ ಹೋಗುವ ಗಾಡಿ ಮಾರಾಯ್ತಿ," ಅಂದರು. "ಬೇಕಾದರೆ ನೀನು ಮಲಗು."

ಮಲಗಿದೆ. ನನಗೇನು. ಪನ್ವೇಲ್ ದಾಟಿತು, ಘಾಟಿ ಬಂತು, ಕಿಟಕಿ ನನ್ನ ಕಣ್ಣಿನ ನೇರಕ್ಕೇ ಇತ್ತು. ಅಳತೆ ನನ್ನದೇ ಅಲ್ಲವಾ. ಕಾಲಿನ ಕಡೆಯ ತಗಡಿನಲ್ಲಿ ಮೊದಲು ಅಂಟಿಸಿದ್ದ ಟಿಕ್ಲಿಯ ಗೋಂದಿನ ಕಲೆ ಇನ್ನೂ ಇತ್ತು. ಉತ್ತರಕ್ಕೆ ತಲೆ ಹಾಕಿ ಉಡುಪಿಯವರೆಗೆ ಗೊರಕೆ ಹೊಡೆದೆ ಅಂತ ಅಪ್ಪ ಮಗ ಇಬ್ಬರೂ ಊರಿನಲ್ಲೆಲ್ಲ ಹೇಳಿಕೊಂಡು ತಿರುಗಿದರು. ಅದು ಸುಳ್ಳು. ಅರ್ಧ ದಾರಿ, ಕಣಕವಲಿಯವರೆಗೆ ಎಚ್ಚರ ಇದ್ದೆ.